ಮರದ ಕಟಕಟೆಯ ಆಚೆ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು ಎಂದು ಮೊದಲೇ ಹೇಳಿಬಿಡುತ್ತೇನೆ. ಆ ಚರ್ಚಿನ ಬಾಗಿಲಿಗೆ ಹಸಿರು ಬಣ್ಣವಿತ್ತು ಎಂದು ನನ್ನ ನೆನಪು. ನನ್ನ ಗಂಡ ರಘು ಕೆಂಪು ಎನ್ನುತ್ತಾರೆ, ಅದೂ ಅಷ್ಟೇ ಖಚಿತವಾಗಿ. ಆ ವರ್ಷ ನಾನು ದಿನಚರಿ ಬರೆಯುತ್ತಿದ್ದೆ, ಆದರೆ ನನ್ನ ದಿನಚರಿಯನ್ನು ನಾನೇ ನಂಬುವುದಿಲ್ಲ. ಏನೂ ನಡೆಯದ ದಿನಗಳಲ್ಲಿ ಪುಟಗಟ್ಟಲೆ ಬರೆದಿದ್ದೇನೆ, ಗಾಳಿಯನ್ನು ಬೈದಿದ್ದೇನೆ, ಒಳ್ಳೆಯ ಹುಣಿಸೆಹಣ್ಣು ಸಿಗಲಿಲ್ಲವೆಂದು ಗೋಳಾಡಿದ್ದೇನೆ. ಏನಾದರೂ ನಡೆದ ದಿನ ಬರೆಯಲು ಕೂತೇ ಇಲ್ಲ. ಇನ್ನೊಂದು ತೊಂದರೆಯೂ ಇದೆ. ಇಲ್ಲಿ ಬರುವ ಇಬ್ಬರು ಇಂಗ್ಲಿಷಿನಲ್ಲಿ ಆಡಿದ ಮಾತು ನನ್ನ ತಲೆಯೊಳಗೆ ಯಾವಾಗಲೋ ಕನ್ನಡವಾಗಿ ಕೂತುಬಿಟ್ಟಿದೆ. ಆಡಿದವರು ಈಗ ಕೇಳಿದರೆ ತಮ್ಮದೆಂದು ಒಪ್ಪುತ್ತಾರೋ ಇಲ್ಲವೋ.

ಹೋದ ತಿಂಗಳು, ನಾವೀಗ ಇರುವ ಆಕ್ಲೆಂಡಿನ ಮೌಂಟ್ ಆಲ್ಬರ್ಟ್‌ನಲ್ಲಿ ನಮ್ಮ ಪಕ್ಕದ ಮನೆಯವರು ತಮ್ಮ ಹಳೆಯ ಮರದ ಮನೆಯ ನೆಲ ಕಿತ್ತು, ಹಲಗೆಗಳನ್ನು ಅಂಗಳದಲ್ಲೇ ಕೊಯ್ಯಿಸಿದರು. ರಿಮು ಎಂಬ ಇಲ್ಲಿಯದೇ ಮರ. ತಲೆಮಾರುಗಳ ಕಾಲ ಒಣಗಿದ ರಿಮುವನ್ನು ಗರಗಸ ಕಚ್ಚಿದಾಗ ಒಂದು ವಾಸನೆ ಬರುತ್ತದೆ. ಸ್ವಲ್ಪ ಕಾಳುಮೆಣಸು, ಸ್ವಲ್ಪ ಅಜ್ಜಿಯ ಪೆಟ್ಟಿಗೆಯ ಒಳಗಿನದು. ನಾನು ಬಟ್ಟೆ ಒಣಹಾಕುತ್ತಿದ್ದವಳು ಒದ್ದೆ ಟವೆಲ್ಲು ಹಿಡಿದುಕೊಂಡೇ ನಿಂತೆ. ಮೊದಲು ನೆನಪಾದದ್ದು ಚರ್ಚಲ್ಲ, ನನ್ನ ತಂಗಿ ಪಲ್ಲವಿಯ ಕಾಲುಚೀಲ. ಹಳದಿ ಬಣ್ಣದ್ದು, ಹೆಬ್ಬೆರಳಿನ ಹತ್ತಿರ ತೂತು ಬಿದ್ದದ್ದು. ಜೊತೆಗೇ ಎದೆಯ ಕೆಳಗೆ ಸಣ್ಣಗೆ ಉರಿಯಿತು. ಇಷ್ಟು ವರ್ಷವಾದರೂ!

೨೦೧೪ರಲ್ಲಿ ನಾವು ಇದೇ ನ್ಯೂಜಿಲೆಂಡಿನ ಪಾಮರ್ಸ್ಟನ್ ನಾರ್ತ್‌ನಲ್ಲಿದ್ದೆವು. ರಘು ಯೂನಿವರ್ಸಿಟಿಯಲ್ಲಿ ಹಾಲಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದರು. ನಾನು ಮೈಸೂರಿನಲ್ಲಿ ಆರ್ಕಿಟೆಕ್ಚರ್ ಓದಿ, ಬೆಂಗಳೂರಿನಲ್ಲಿ ಕೆಲವು ವರ್ಷ ದುಡಿದು, ಇಲ್ಲಿಗೆ ಬಂದ ಮೇಲೆ ಅರ್ಜಿ ಹಾಕುವುದನ್ನೇ ಉದ್ಯೋಗ ಮಾಡಿಕೊಂಡಿದ್ದೆ. ಎಲ್ಲ ಕಡೆಯಿಂದಲೂ ಬಹಳ ಮರ್ಯಾದೆಯಿಂದ ಒಂದೇ ಉತ್ತರ: ಲೋಕಲ್ ಎಕ್ಸ್‌ಪೀರಿಯೆನ್ಸ್ ಇಲ್ಲ. ಚಪ್ಪಟೆ ಊರು, ಚಪ್ಪಟೆ ಬೀದಿ. ಗಾಳಿಗೆದುರಾಗಿ ಸೈಕಲ್ ತುಳಿಯುತ್ತ ಲೈಬ್ರರಿಗೆ ಹೋಗಿ ಬರುತ್ತಿದ್ದೆ.

ಆ ಲೈಬ್ರರಿಯಲ್ಲೇ ಒಂದು ಸಂಜೆ ಗ್ರೇಮ್ ಎಂಬುವರ ಮಾತು ಕೇಳಿದೆ. ಅವರು ಹಳೆಯ ಕಟ್ಟಡಗಳನ್ನು ರಿಪೇರಿ ಮಾಡಿಸುವ ಆರ್ಕಿಟೆಕ್ಟ್. ಕ್ರೈಸ್ಟ್‌ಚರ್ಚ್‌ನ ದೊಡ್ಡ ಭೂಕಂಪದ ನಂತರ ಈ ದೇಶದಲ್ಲಿ ಎಲ್ಲರೂ ತಮ್ಮೂರಿನ ಹಳೆಯ ಗೋಡೆಗಳನ್ನು ಕತ್ತೆತ್ತಿ ನೋಡಲು ಶುರುಮಾಡಿದ್ದ ಕಾಲ. ಇಟ್ಟಿಗೆ, ಕಲ್ಲು ಹೇಗೆ ಬೀಳುತ್ತವೆ, ಮರ ಹೇಗೆ ತೂಗಾಡಿ ಮತ್ತೆ ನಿಲ್ಲುತ್ತದೆ ಎಂದು ಅವರು ಕೈಯನ್ನೇ ಗೋಡೆ ಮಾಡಿ ತೋರಿಸಿದರು. ಮುಗಿದ ಮೇಲೆ ಹತ್ತಿರ ಹೋಗಿ, ಕಟ್ಟಡ ಅಳೆದು ನಕ್ಷೆ ಮಾಡುವುದು ನನಗೆ ಚೆನ್ನಾಗಿ ಬರುತ್ತದೆ ಎಂದೆ.

“ಒಂದು ಮರದ ಚರ್ಚಿದೆ. ರಿಪೇರಿಗೆ ಮುಂಚೆ ಪೂರ್ತಿ ಅಳತೆಯ ನಕ್ಷೆ ಬೇಕು. ಸಂಬಳ ಇಲ್ಲ, ಹೀಟರೂ ಇಲ್ಲ,” ಎಂದರು ಗ್ರೇಮ್. “ಆದರೆ ಕೆಲಸ ಚೆನ್ನಾಗಿ ಬಂದರೆ, ಬೇಸಿಗೆ ಕಳೆದ ಮೇಲೆ ನನಗೊಬ್ಬ ಅಸಿಸ್ಟೆಂಟ್ ಬೇಕಾಗುತ್ತೆ. ಆಗ ಮಾತಾಡೋಣ.”

ಆ ‘ಮಾತಾಡೋಣ’ವನ್ನೇ ನಾನು ಇಡೀ ಚಳಿಗಾಲ ತಿಂದುಕೊಂಡು ಬದುಕಿದೆ.

ಊರಿನ ಹೆಸರು ಬೇಡ. ಪಾಮರ್ಸ್ಟನ್ ನಾರ್ತ್‌ನಿಂದ ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಒಂದು ಪೆಟ್ರೋಲ್ ಬಂಕು, ಇಲ್ಲಿಯವರು ‘ಡೈರಿ’ ಎನ್ನುವ ಒಂದು ದಿನಸಿ ಅಂಗಡಿ, ಸುತ್ತ ಕುರಿ. ಚರ್ಚು ರಸ್ತೆಯಿಂದ ಸ್ವಲ್ಪ ಒಳಗೆ. ಮೊದಲ ನೋಟಕ್ಕೆ ನನಗೆ ನಗು ಬಂತು. ನಾನು ಹಾಸನದವಳು. ಬಳಪದ ಕಲ್ಲಿನಲ್ಲಿ ಆನೆಸಾಲು, ಕುದುರೆಸಾಲು ನೋಡುತ್ತಲೇ ಬೆಳೆದವಳು. ಇಲ್ಲಿ ನೂರೈವತ್ತು ವರ್ಷದೊಳಗಿನ ಒಂದು ಬಿಳಿಯ ಮರದ ಪೆಟ್ಟಿಗೆ, ಅದಕ್ಕೆ ‘ಪರಂಪರೆ’ ಎಂಬ ದೊಡ್ಡ ಹೆಸರು. ಅದೂ ಕಲ್ಲಿನ ವೇಷ ಹಾಕಿದ ಮರ. ಕಲ್ಲಿನ ಗೋಡೆಗೆ ಬೇಕಾಗುವ ಆನಿಕೆಗಂಬಗಳನ್ನು ಮರದಲ್ಲಿ ಮಾಡಿ ಗೋಡೆಗೆ ಅಂಟಿಸಿದ್ದರು, ಅವುಗಳ ಮೇಲೆ ಭಾರವೇ ಇಲ್ಲ. ಇಂಗ್ಲೆಂಡಿನ ಚರ್ಚುಗಳನ್ನು ನೆನೆಯುತ್ತ, ಕೈಗೆ ಸಿಕ್ಕಿದ ಕಾಡಿನಿಂದ ಕಟ್ಟಿಕೊಂಡವರ ಕೆಲಸ.

ಒಳಗೆ ಕಾಲಿಟ್ಟ ಮೇಲೆ ನಗು ನಿಂತಿತು. ಹೊರಗೆ ಬಿಳಿ ಬಣ್ಣ, ಒಳಗೆ ಬಣ್ಣವೇ ಇಲ್ಲ, ಬರೀ ರಿಮು ಮರ. ಗೋಡೆ, ನೆಲ, ಬೆಂಚು, ಮಾಡು ಎಲ್ಲ ಬೆಲ್ಲದ ಪಾಕದ ಬಣ್ಣ. ಕಡಿದಾದ ಮಾಡಿನ ಕೆಳಗೆ ತೊಲೆಗಳು ಕತ್ತರಿಯ ಹಾಗೆ ಒಂದನ್ನೊಂದು ದಾಟಿ ಹೋಗಿದ್ದವು. ಮಗುಚಿಟ್ಟ ದೋಣಿಯೊಳಗೆ ನಿಂತ ಹಾಗೆ. ಗಾಳಿ ಬಂದಾಗ ಇಡೀ ಕಟ್ಟಡ ಮುಲುಗುಟ್ಟಿತು. ಕಲ್ಲಿನ ಗುಡಿ ಎಂದೂ ನನ್ನ ಜೊತೆ ಹಾಗೆ ಮಾತಾಡಿರಲಿಲ್ಲ.

ಬೀಗದ ಕೈ ಇದ್ದದ್ದು ಬೆವ್ ಹತ್ತಿರ. ಎಪ್ಪತ್ತು ದಾಟಿದ ಹೆಂಗಸು, ಕುರಿ ಸಾಕಿದ ಮನೆತನ. ಅವರ ಅಜ್ಜಿಯ ಮದುವೆ, ಅಮ್ಮನ ಮದುವೆ, ಅವರದೂ ಅಲ್ಲೇ ಆದದ್ದು. ನಾನು ಬಾಗಿಲಲ್ಲಿ ಶೂ ಬಿಚ್ಚಿದ್ದನ್ನು ನೋಡಿ ಬೆವ್, “ಪಾಪ, ನೆಲಕ್ಕೆ ಹಾಕಿದ ಮೇಣ ಹಾಳಾಗಬಾರದು ಅಂತಾನಾ? ಎಷ್ಟು ಸೂಕ್ಷ್ಮ ಕಣಮ್ಮ ನಿಂದು,” ಎಂದು ಮುಂದಿನ ಸಲ ನನಗಾಗಿ ಉಣ್ಣೆಯ ಮೆಟ್ಟು ತಂದಿಟ್ಟರು. ನಾನು ತಿದ್ದಲಿಲ್ಲ. ಪ್ರತಿ ಶುಕ್ರವಾರ ಅವರೂ ಇನ್ನಿಬ್ಬರು ಹೆಂಗಸರೂ ಬಂದು ಗುಡಿಸಿ, ಒರೆಸಿ, ಬೆಂಚುಗಳಿಗೆ ಎಣ್ಣೆ ತಿಕ್ಕಿ, ಮನೆಯ ತೋಟದ ಹೂವು ಇಟ್ಟು ಹೋಗುತ್ತಿದ್ದರು. ಅದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನಮ್ಮ ಊರ ಪಕ್ಕದ ಗುಡಿಗೆ ಇವರ ದೇಶಕ್ಕಿಂತ ಹೆಚ್ಚು ವಯಸ್ಸು. ಅದನ್ನು ಒರೆಸಬೇಕು ಎಂದು ನಮ್ಮಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಹೊಟ್ಟೆಕಿಚ್ಚು ನನಗೆ ಅಲ್ಲಿಂದಲೇ ಶುರುವಾಗಿತ್ತೋ, ಅಥವಾ ಆಮೇಲೆ ಆದದ್ದು ಹಿಂದಕ್ಕೂ ಹರಡಿಕೊಂಡಿದೆಯೋ ಹೇಳಲಾರೆ.

ಚಳಿಗಾಲವಿಡೀ ಅಳೆದೆ. ಪ್ರತಿ ಹಲಗೆ, ಪ್ರತಿ ಕಿಟಕಿಯ ಚೂಪು ಕಮಾನು. ಬೆರಳು ಮರಗಟ್ಟಿದರೆ ಬೆವ್‌ರ ಫ್ಲಾಸ್ಕಿನ ಟೀ. ಏಣಿ ಹತ್ತಿ ನೋಡಿದಾಗ ಮಾಡಿನ ತೊಲೆಗಳ ಪಕ್ಕದಲ್ಲಿ ಉಳಿಯಿಂದ ಕೆತ್ತಿದ ರೋಮನ್ ಅಂಕಿಗಳು ಸಿಕ್ಕವು. ನೆಲದ ಮೇಲೆ ಜೋಡಿಸಿ, ಗುರುತು ಹಾಕಿ, ಬಿಚ್ಚಿ, ಮತ್ತೆ ಮೇಲೆ ಏರಿಸುವುದು ಆ ಕಾಲದ ಬಡಗಿಗಳ ಕ್ರಮ. ಗ್ರೇಮ್ ಫೋನಿನಲ್ಲೇ ಶಿಳ್ಳೆ ಹೊಡೆದರು. “ಇದನ್ನು ಇಲ್ಲಿಯವರೆಗೆ ಯಾರೂ ಗಮನಿಸಿಲ್ಲ. ಭೇಷ್!” ಆ ದಿನ ಮನೆಗೆ ಬಂದು ಶ್ಯಾವಿಗೆ ಪಾಯಸ ಮಾಡಿದೆ. ರಘು ಏನು ವಿಶೇಷ ಎಂದರು. “ಕೆಲಸ ಸಿಕ್ಕ ಹಾಗೇ ರೀ,” ಎಂದೆ.

ಒಂದು ಜಾಗ ಮಾತ್ರ ಬಿಟ್ಟೆ. ಚರ್ಚಿನ ಪೂರ್ವದ ತುದಿಯಲ್ಲಿ ಒಂದು ಕಿರಿದಾದ ಕಮಾನು, ಅದರ ಮುಂದೆ ಜನ ಮೊಣಕಾಲೂರಿ ಪ್ರಸಾದ ತೆಗೆದುಕೊಳ್ಳುವ ಮರದ ಕಟಕಟೆ, ಅದರಾಚೆ ಒಂದು ಸಣ್ಣ ಕೋಣೆಯಷ್ಟು ಜಾಗ, ಅಲ್ಲಿ ಪೂಜೆಯ ಮೇಜು. ಕಟಕಟೆಯ ಹತ್ತಿರ ಬಂದಾಗ ನನ್ನ ಕಾಲು ತಾನಾಗಿ ನಿಂತಿತು. ಕಾಲೇಜಿನ ದಿನಗಳಲ್ಲಿ ಅರಸೀಕೆರೆ ಕಡೆಯ ಒಂದು ಗುಡಿಯನ್ನು ಅಳೆಯಲು ಹೋಗಿದ್ದೆವು. ನವರಂಗದವರೆಗೆ ನಮ್ಮ ಟೇಪು. ಗರ್ಭಗುಡಿಯ ಅಳತೆಯನ್ನು ಅರ್ಚಕರೇ ಒಳಗಿಂದ ಕೂಗಿ ಹೇಳಿದ್ದರು: “ಆರಡಿ ಬರ್ಕೊಳ್ಳಮ್ಮ, ಸ್ವಲ್ಪ ಹೆಚ್ಚೇ ಇದೆ, ಇರ್ಲಿ.” ನಾವು ಹಾಗೇ ಬರೆದುಕೊಂಡೆವು, ಮೇಷ್ಟ್ರು ಅದಕ್ಕೇ ಮಾರ್ಕು ಕೊಟ್ಟರು. ಇಲ್ಲಿ ಅರ್ಚಕರಿರಲಿಲ್ಲ, ಯಾರನ್ನೂ ಕೇಳಬೇಕು ಅನ್ನಿಸಲೂ ಇಲ್ಲ. ಕಟಕಟೆಯ ಹೊರಗೆ ನಿಂತು ಲೇಸರಿನಿಂದ ಅಳೆದು, ಕಾಣದ್ದನ್ನು ಚುಕ್ಕೆಗೆರೆಯಲ್ಲಿ ಬಿಡಿಸಿ, ‘ಅಂದಾಜು’ ಎಂದು ಬರೆದೆ. ಕಮಾನು ಯಾಕೆ ಇಷ್ಟು ಕಿರಿದು ಎಂಬ ಪ್ರಶ್ನೆ ಬಂದಿತ್ತು, ನಿಜ. ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋದೆ.

ಡಿಸೆಂಬರಿನಲ್ಲಿ, ಇಲ್ಲಿಯ ಬೇಸಿಗೆ ರಜೆಗೆ, ಪಲ್ಲವಿ ಬಂದಳು.

ಅವಳು ಆಗ ಆಕ್ಲೆಂಡಿನಲ್ಲಿ ಮಾಸ್ಟರ್ಸ್ ಮಾಡುತ್ತಿದ್ದಳು. ಅದೂ ಆರ್ಕಿಟೆಕ್ಚರ್. ನನ್ನ ಕಾಲೇಜಿಗೇ ಹೋದವಳು, ನನ್ನ ಡ್ರಾಯಿಂಗ್ ಬೋರ್ಡನ್ನೇ ಹೊತ್ತುಕೊಂಡು ಹೋದವಳು. ನಾನು ಮುಂಚೆ ಓದಿ ಮುಗಿಸಿದ ಆ ಕಾಲೇಜಿನಲ್ಲಿ ಈಗ ನನ್ನನ್ನು ‘ಪಲ್ಲವಿಯ ಅಕ್ಕ’ ಎಂದು ಗುರುತಿಸುತ್ತಾರೆ. ನಾನು ನ್ಯೂಜಿಲೆಂಡಿಗೆ ಬಂದೆ, ಅವಳೂ ಬಂದಳು. ಬಸ್‌ಸ್ಟ್ಯಾಂಡಿನಲ್ಲಿ ಅವಳನ್ನು ಅಪ್ಪಿಕೊಂಡಾಗ ನಿಜಕ್ಕೂ ಕಣ್ಣು ತುಂಬಿತ್ತು. ಅದನ್ನೂ ಬರೆಯಬೇಕು, ಇಲ್ಲದಿದ್ದರೆ ಈ ಬರಹ ಒಂದೇ ಕಡೆಗೆ ವಾಲುತ್ತದೆ.

“ಅಕ್ಕ, ನಿನ್ನ ಚರ್ಚ್ ತೋರಿಸೇ,” ಎಂದಳು ಮಾರನೆಯ ದಿನವೇ. ‘ನಿನ್ನ ಚರ್ಚ್’ ಎಂದದ್ದು ನನಗೆ ಇಷ್ಟವಾಯಿತು.

ಬೆವ್‌ರನ್ನು ನಾನು ಆರು ತಿಂಗಳು ‘ಮಿಸೆಸ್’ ಸೇರಿಸಿಯೇ ಕರೆದಿದ್ದೆ. ಪಲ್ಲವಿ ಕಾರಿಂದ ಇಳಿದವಳೇ “ಹಲೋ ಬೆವ್ ಆಂಟಿ!” ಎಂದಳು. ಬೆವ್‌ಗೆ ಹೊಟ್ಟೆ ತುಂಬ ನಗು. “ನನ್ನನ್ನ ಯಾರೂ ಆಂಟಿ ಅಂದೇ ಇಲ್ಲ, ನನ್ನ ತಂಗಿ ಮಕ್ಕಳು ಕೂಡ ಬೆವ್ ಅಂತಾರೆ,” ಎಂದವರು ಮುಂದಿನ ವಾರ ಅವಳಿಗೆಂದೇ ನಿಂಬೆಹಣ್ಣಿನ ಸಿಹಿ ಮಾಡಿ ತಂದರು. ನನಗೂ ಕೊಟ್ಟರು, ಕೊಡಲಿಲ್ಲ ಎನ್ನಲಾರೆ. ಡಬ್ಬಿಯನ್ನು ಮಾತ್ರ ಅವಳ ಕೈಗೆ ಇಟ್ಟರು.

ನಾನು ಟೇಪು ಹಿಡಿದು ಓಡಾಡುತ್ತಿದ್ದರೆ ಅವಳು ಬೆಂಚಿನ ಮೇಲೆ ಕಾಲು ಮಡಚಿ ಕೂತು ಸುಮ್ಮನೆ ಸ್ಕೆಚ್ ಮಾಡುತ್ತಿದ್ದಳು. ಅಳತೆಯಿಲ್ಲ, ಸ್ಕೇಲಿಲ್ಲ. ಶುಕ್ರವಾರದ ಹೆಂಗಸರು ಅವಳ ಹೆಗಲ ಮೇಲಿಂದ ಬಗ್ಗಿ ನೋಡಿ “ಅಯ್ಯೋ, ಇದು ನಮ್ಮ ಕಿಟಕಿನೇ!” ಎನ್ನುತ್ತಿದ್ದರು. ನನ್ನ ನಕ್ಷೆಯನ್ನು ನೋಡಿ ಅವರು ಹೇಳುತ್ತಿದ್ದ ಮಾತು, “ಬಹಳ ಶ್ರಮ ಪಟ್ಟಿದ್ದೀಯ.”

“ಸೆಕ್ಷನ್ ನಕ್ಷೆ ಬರೀತಾ ಇದೀಯಲ್ಲ ಅಕ್ಕ, ಒಂದ್ಸಲ ಸುಮ್ನೆ ಕೂತ್ಕೊಂಡು ನೋಡೇ,” ಎಂದಳು ಪಲ್ಲವಿ.

“ನೋಡ್ತಾ ಕೂತ್ರೆ ಕೆಲ್ಸ ಯಾರ್ ಮಾಡ್ತಾರೆ, ನಿಮ್ಮಪ್ಪನಾ?”

“ನಿಮ್ಮಪ್ಪನೂ ಅವ್ರೇ ಕಣೇ.”

ಇಬ್ಬರೂ ನಕ್ಕೆವು. ನನ್ನ ನಗು ಬೇಗ ಮುಗಿಯಿತು.

ಗ್ರೇಮ್ ತಮ್ಮ ಹಳೆಯ ಪಿಕಪ್ ಟ್ರಕ್‌ನಲ್ಲಿ ನಕ್ಷೆ ಪರಿಶೀಲಿಸಲು ಬಂದ ದಿನ ವಿಪರೀತ ಗಾಳಿ. ಬೇಸಿಗೆಯಾದರೂ ಸ್ವೆಟರ್ ಹಾಕಿಕೊಂಡಿದ್ದೆ. ಗ್ರೇಮ್ ಮತ್ತು ಬೆವ್ ಬಾಗಿಲ ಮಂಟಪದಲ್ಲಿ ಗಾಳಿಗೆ ಮರೆಯಾಗಿ ಟೀ ಕುಡಿಯುತ್ತಿದ್ದರು. ನಾನು ಚರ್ಚಿನ ಹಿಂಭಾಗದಲ್ಲಿ ನೆಲದಡಿಯ ಮೋಟುಗಂಬಗಳನ್ನು ಇನ್ನೊಮ್ಮೆ ನೋಡುತ್ತಿದ್ದೆ. ಯಾವುದೂ ಲೆಕ್ಕ ತಪ್ಪಬಾರದು, ಇದು ನನ್ನ ಪರೀಕ್ಷೆ ಎಂದುಕೊಂಡಿದ್ದೆ. ಪಲ್ಲವಿ ಒಬ್ಬಳೇ ಒಳಗಿದ್ದಳು.

ನಾನು ಸುತ್ತಿಕೊಂಡು ಬಂದು ಒಳಗೆ ಹೋದಾಗ ಮೂವರೂ ಕಟಕಟೆಯ ಆಚೆ ಇದ್ದರು. ಬೆವ್ ಬಾಯಿಗೆ ಕೈ ಇಟ್ಟುಕೊಂಡು ನಿಂತಿದ್ದರು. ಪಲ್ಲವಿ ಪೂಜೆಯ ಮೇಜಿನ ಮುಂದೆ, ನೆಲದ ಮೇಲೆ ಅಂಗಾತ ಮಲಗಿದ್ದಳು, ಹಳದಿ ಕಾಲುಚೀಲದ ಎರಡೂ ಪಾದ ಜನರು ಕೂರುವ ಕಡೆಗೆ. ಅವಳ ಪಕ್ಕದಲ್ಲಿ ಬಿಳಿಗೂದಲಿನ ಗ್ರೇಮ್, ಅವರೂ ಅಂಗಾತ. ಇಬ್ಬರೂ ಮಾಡು ನೋಡುತ್ತಿದ್ದರು. “ಒಂದು, ಎರಡು, ಮೂರು... ಮತ್ತೆ ಒಂದರಿಂದ ಶುರು!” ಎಂದು ಗ್ರೇಮ್ ತೊಲೆಗಳ ಮೇಲಿನ ರೋಮನ್ ಅಂಕಿಗಳನ್ನು ಎಣಿಸುತ್ತಿದ್ದರು. “ಕೆತ್ತಿದ ಕೈಯೂ ಬೇರೆ.”

ಆಮೇಲೆ ಎದ್ದು ಕಮಾನಿನ ಕಂಬಗಳನ್ನು ತೋರಿಸಿದರು. ಒಳಮೈಯಲ್ಲಿ, ಎರಡೂ ಕಡೆ, ಕೀಲು ಕೂರಿಸಿದ್ದ ಗುಳಿಗಳು. ತುಂಡು ಮರ ತುಂಬಿ ನಯಮಾಡಿ ಮುಚ್ಚಿದ್ದರು, ಆದರೆ ಬಣ್ಣ ಸ್ವಲ್ಪ ಬೇರೆ. ಅಂದರೆ ಆ ಕಮಾನಿಗೆ ಒಂದು ಕಾಲದಲ್ಲಿ ಎರಡು ರೆಕ್ಕೆಯ ಹೊರಬಾಗಿಲಿತ್ತು. ಅಂದರೆ ಕಟಕಟೆಯ ಆಚೆಗಿನ ಆ ಸಣ್ಣ ಜಾಗವೇ ಮೊದಲಿನ ಚರ್ಚು. ನಾನು ಚಳಿಗಾಲವಿಡೀ ಅಳೆದದ್ದು ಅದಕ್ಕೆ ಆಮೇಲೆ ಸೇರಿಸಿದ ಭಾಗ.

“ನಮ್ಮಜ್ಜಿ ಹೇಳ್ತಿದ್ದರು,” ಎಂದರು ಬೆವ್. “ಚರ್ಚು ಎತ್ತಿನ ಬಂಡಿ ಮೇಲೆ ಬಂತು, ನದಿಯ ಆಚೆಯಿಂದ ಅಂತ. ಇಷ್ಟು ದೊಡ್ಡದು ಬಂಡಿ ಮೇಲೆ ಹೇಗೆ ಬರುತ್ತೆ ಅಂತ ನಾವೆಲ್ಲ ಅವರನ್ನ ಗೇಲಿ ಮಾಡ್ತಿದ್ವಿ.” ಈ ದೇಶದಲ್ಲಿ ಮರದ ಮನೆಯನ್ನು ಎತ್ತಿ ಲಾರಿಯ ಮೇಲಿಟ್ಟು ಇನ್ನೊಂದು ಊರಿಗೆ ಒಯ್ಯುವುದು ಇವತ್ತಿಗೂ ಇದೆ. ನಾನೇ ಎಷ್ಟೋ ಸಲ ಹೈವೇಯಲ್ಲಿ ಅರ್ಧ ಮನೆಯ ಹಿಂದೆ ಕಾರು ನಿಧಾನ ಮಾಡಿದ್ದೇನೆ. ಆದರೂ ನನಗೆ ಹೊಳೆದಿರಲಿಲ್ಲ.

ಕೀಲಿನ ಗುಳಿ ಕಾಣಬೇಕಾದರೆ ಒಳಗೆ ಹೋಗಬೇಕು. ಹೋಗಿ, ಪೂಜೆಯ ಮೇಜಿಗೆ ಬೆನ್ನು ಹಾಕಿ ಈ ಕಡೆ ತಿರುಗಿ ನಿಲ್ಲಬೇಕು. ನಾನು ಮೊದಲನೆಯದನ್ನು ಮಾಡಿದ್ದರೂ ಎರಡನೆಯದನ್ನು ಮಾಡುತ್ತಿರಲಿಲ್ಲ. ದೇವರಿಗೆ ಬೆನ್ನು ತೋರಿಸದೆ ಹಿಂದೆ ಹಿಂದೆ ಹೆಜ್ಜೆ ಇಟ್ಟು ಬರುವುದನ್ನು ನಮ್ಮಿಬ್ಬರಿಗೂ ಕಲಿಸಿದ್ದು ಒಬ್ಬರೇ ಅಮ್ಮ.

ಗ್ರೇಮ್ ನನ್ನ ನಕ್ಷೆಯನ್ನು ಬೆಂಚಿನ ಮೇಲೆ ಹರವಿದರು. ಬೆರಳು ಚುಕ್ಕೆಗೆರೆಗಳ ಮೇಲೆ ನಿಂತಿತು. “ಇಲ್ಲಿ ಯಾಕೆ ಅಂದಾಜು?” ಸಿಟ್ಟಿನಿಂದಲ್ಲ, ಅರ್ಥವಾಗದೆ ಕೇಳಿದರು.

“ಅಲ್ಲಿಗೆ ಹೋಗಬಾರದು ಅಂದುಕೊಂಡೆ.”

“ಹಾಗಂತ ಯಾರು ಹೇಳಿದರು?” ಎಂದರು ಬೆವ್. “ನಾನೇ ಪ್ರತಿ ಶುಕ್ರವಾರ ವ್ಯಾಕ್ಯೂಮ್ ಕ್ಲೀನರ್ ಹಿಡಿದು ಹೋಗ್ತೀನಲ್ಲಮ್ಮ!”

ಎಲ್ಲರೂ ನಕ್ಕರು, ಪ್ರೀತಿಯಿಂದಲೇ. ಪಲ್ಲವಿ ಕನ್ನಡದಲ್ಲಿ, ಮೆಲ್ಲಗೆ, “ಅಯ್ಯೋ ಅಕ್ಕ, ಇದೇನು ಗರ್ಭಗುಡಿನೇನೇ?” ಎಂದಳು. ಆ ಒಂದು ಮಾತು ಅವರಿಬ್ಬರಿಗೆ ಅರ್ಥವಾಗಲಿಲ್ಲ ಎಂಬುದಷ್ಟೇ ನನಗೆ ಉಳಿದ ಮರ್ಯಾದೆ. ಅಲ್ಲಿಂದಾಚೆಗೆ ಗ್ರೇಮ್ ಪ್ರಶ್ನೆಗಳನ್ನು ಅವಳಿಗೇ ಕೇಳಿದರು. ನಾನು ಟೀ ಲೋಟಗಳನ್ನು ತೊಳೆದು ಬುಟ್ಟಿಗೆ ಹಾಕಿದೆ. ಯಾರೂ ತೊಳೆ ಎಂದಿರಲಿಲ್ಲ.

ರಜೆ ಮುಗಿಯುವ ಹೊತ್ತಿಗೆ, ನಮ್ಮ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ ಪಲ್ಲವಿ ಹೇಳಿದಳು. “ಅಕ್ಕ, ಗ್ರೇಮ್ ನನ್ನ ಕೇಳಿದ್ರು. ಮಾಸ್ಟರ್ಸ್ ಮುಗಿದ್ಮೇಲೆ ಬರ್ತೀಯಾ ಅಂತ. ಅಲ್ಲಿವರೆಗೂ ಕಾಯ್ತಾರಂತೆ.”

“ಒಳ್ಳೇದಾಯ್ತಲ್ಲ.”

“ನಾನು ಬೇಡ ಅನ್ಲಾ?”

“ನೀನ್ಯಾಕೆ ಬೇಡ ಅಂತೀಯ?”

“ಮತ್ತೆ ಮುಖ ಯಾಕೆ ಹಂಗಿದೆ?”

“ನನ್ ಮುಖ ಇರೋದೇ ಹಿಂಗೆ. ಆ ಸೌಟು ಒದ್ದೆ ಇದೆ ನೋಡು, ಸರಿಯಾಗಿ ಒರ್ಸು.”

ಅವಳು ಬೇಡ ಎನ್ನಲಿಲ್ಲ. ಎನ್ನಬೇಕಾಗಿಯೂ ಇರಲಿಲ್ಲ. ಗ್ರೇಮ್ ನನಗೆ ಒಳ್ಳೆಯ ಶಿಫಾರಸು ಪತ್ರ ಕೊಟ್ಟರು, ಅದರಿಂದಲೇ ಮುಂದೆ ಆಕ್ಲೆಂಡಿನಲ್ಲಿ ನನಗೆ ಕೆಲಸ ಸಿಕ್ಕಿತು. ಈಗ ನಾನು ಜನರ ಮನೆಗಳಿಗೆ ಹೆಚ್ಚುವರಿ ಬಾತ್‌ರೂಮು, ಡೆಕ್ಕು ಬಿಡಿಸುತ್ತೇನೆ. ಕೆಟ್ಟ ಕೆಲಸವಲ್ಲ. ಪಲ್ಲವಿ ದಕ್ಷಿಣ ದ್ವೀಪದಲ್ಲಿ, ಡನೀಡಿನ್‌ನಲ್ಲಿದ್ದಾಳೆ. ಊರೂರು ಸುತ್ತಿ ಮರದ ಚರ್ಚುಗಳ ಮಾಡಿನಡಿ ಅಂಗಾತ ಮಲಗುತ್ತಾಳೆ. ಫೋಟೋ ಕಳಿಸುತ್ತಾಳೆ. ನಾನು ಹೆಬ್ಬೆರಳಿನ ಚಿತ್ರ ಹಾಕಿ, ಆಮೇಲೆ ಫೋಟೋವನ್ನು ದೊಡ್ಡದು ಮಾಡಿ ಕೀಲು, ಕೊಂಡಿ, ಹಲಗೆಯ ಅಗಲ ಎಲ್ಲ ನೋಡುತ್ತೇನೆ. ಏನಾದರೂ ಬಿಟ್ಟಿದ್ದಾಳಾ ಎಂದು ಹುಡುಕುತ್ತೇನೆ. ಬಿಟ್ಟಿರುವುದಿಲ್ಲ.

ನನ್ನನ್ನು ಕಾಡುವುದು ಕೆಲಸವಲ್ಲ ಎಂದು ಇತ್ತೀಚೆಗೆ ಅನ್ನಿಸುತ್ತಿದೆ. ಆ ದಿನ ಚರ್ಚಿನ ಹಿಂದೆ ಬಗ್ಗಿ ಕೂತಿದ್ದಾಗ ಹಲಗೆಗಳ ಆಚೆಯಿಂದ “ಅಕ್ಕಾ” ಎಂದು ಕೇಳಿಸಿದ ನೆನಪು ನನಗಿದೆ. ಗಾಳಿಗೆ ಮರ ಕಿರುಗುಟ್ಟಿತು ಎಂದುಕೊಂಡು ತಲೆ ಎತ್ತಲಿಲ್ಲ. ಇನ್ನೊಂದು ನೆನಪಿನಲ್ಲಿ ಯಾವ ದನಿಯೂ ಇಲ್ಲ. ಬರೀ ಗಾಳಿ, ಆಮೇಲೆ ಒಳಗೆ ಗ್ರೇಮ್‌ರ ಬೂಟಿನ ಓಟ. ಮೊದಲನೆಯದು ನಿಜವಾದರೆ ಅವಳು ಕಂಡದ್ದನ್ನು ಮೊದಲು ನನಗೇ ಕೊಡಲು ಕರೆದಳು, ನಾನು ಹೋಗಲಿಲ್ಲ. ಎರಡನೆಯದು ನಿಜವಾದರೆ ಅವಳು ಕರೆದದ್ದು ನನ್ನನ್ನಲ್ಲ, ಇಷ್ಟು ವರ್ಷದ ನನ್ನ ಉರಿಗೆ ಒಂದು ಕಾರಣವಾದರೂ ಇದೆ. ಎರಡೂ ನೆನಪು ಒಂದೇ ಗಟ್ಟಿಯಾಗಿವೆ. ಯಾವುದನ್ನು ನಾನು ಆಮೇಲೆ ಮಾಡಿಕೊಂಡೆನೋ ಗೊತ್ತಿಲ್ಲ.

ಹೋದ ಭಾನುವಾರ ವೀಡಿಯೋ ಕಾಲಿನಲ್ಲಿ ಅವಳನ್ನು ಕೇಳಿಯೇಬಿಟ್ಟೆ. ಅವಳು ಬೀನ್ಸ್ ಹೆಚ್ಚುತ್ತಿದ್ದಳು. ಕೈ ನಿಂತಿತು. ಪರದೆಯ ಕಡೆ ನೋಡಿದಳು, ನನ್ನನ್ನು ನೋಡಿದಳೋ ಮೂಲೆಯಲ್ಲಿದ್ದ ತನ್ನದೇ ಮುಖವನ್ನೋ ತಿಳಿಯಲಿಲ್ಲ. ಅಷ್ಟರಲ್ಲಿ ಅವಳ ಮಗಳು ಬಂದು ಇಂಗ್ಲಿಷಿನಲ್ಲಿ ಹಸಿವು ಎಂದು ರಗಳೆ ತೆಗೆದಳು. “ಆಮೇಲೆ ಮಾಡ್ತೀನಿ ಅಕ್ಕ,” ಎಂದು ಇಟ್ಟಳು. ಇನ್ನೂ ಮಾಡಿಲ್ಲ. ನಾನು ಕೇಳಿದ್ದು ಇಷ್ಟೇ:

“ಪಲ್ಲವಿ, ಆವತ್ತು ಒಳಗಿಂದ ನೀನು ಮೊದಲು ಕೂಗಿದ್ದು ಯಾರನ್ನೇ?”